ಕಾಡೊಳಗೆ ದಿಮ್ಮಿ ಎಳೆಯುವ ಗಾಡಿಯ ಟೈರಿಗೆ ಗಾಳಿ ಎಷ್ಟಿರಬೇಕು?

ದಿಮ್ಮಿಗಾಡಿ:

ನಮಸ್ಕಾರ. ಇದನ್ನು ಸುಮಾರು ಜನರನ್ನು ಕೇಳಿ ಆಯಿತು. ಒಬ್ಬೊಬ್ಬರು ಒಂದೊಂದು ನಂಬರ್ ಹೇಳಿ ತಲೆ ಕೆಡಿಸಿದ್ದಾರೆ, ಅದಕ್ಕೆ ಇಲ್ಲಿಗೆ ಬಂದೆ.

ನನ್ನ ಹತ್ತಿರ ಒಂದು ಸ್ಕಿಡರ್, ಅಂದರೆ ದಿಮ್ಮಿ ಎಳೆಯುವ ಗಾಡಿ ಇದೆ. ನಾಲ್ಕು ಚಕ್ರ, ಮುಂದೆ ಬ್ಲೇಡು, ಹಿಂದೆ ಗ್ರ್ಯಾಪಲ್ (ದಿಮ್ಮಿ ಹಿಡಿಯುವ ಕಬ್ಬಿಣದ ಪಂಜ), ಖಾಲಿ ತೂಕ ಹೆಚ್ಚುಕಡಿಮೆ 11 ಟನ್. ಟೈರು 26 ಇಂಚಿನ ರಿಮ್ಮಿನದು, ಬಯಾಸ್ (ಒಳಗಿನ ದಾರದ ಪದರಗಳು ಓರೆಯಾಗಿರುವುದು), 14 ಪ್ಲೈ (ಟೈರಿನ ಬಲದ ಅಳತೆ), ಒಳಗೆ ಟ್ಯೂಬು. ಸೆಕೆಂಡ್ ಹ್ಯಾಂಡ್ ಗಾಡಿ. ಹಿಂದಿನ ಮಾಲೀಕರು ನಾಲ್ಕಕ್ಕೂ 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟಿದ್ದರು, ನಾನೂ ಮೊದಲು ಹಾಗೇ ಓಡಿಸಿದೆ. ಗಟ್ಟಿ ನೆಲದಲ್ಲಿ ಸೀಟಿನಿಂದ ಎಗರಿ ಬೀಳುವಷ್ಟು ಕುಲುಕುತ್ತಿತ್ತು. ಒದ್ದೆ ನೆಲಕ್ಕೆ ಇಳಿದರೆ ಚಕ್ರ ನಿಂತಲ್ಲೇ ತಿರುಗಿ ಗುಂಡಿ ತೋಡುತ್ತಿತ್ತು. 20ಕ್ಕೆ ಇಳಿಸು ಎಂದು ಒಬ್ಬರು ಹೇಳಿದರು. ಇಳಿಸಿದೆ. ಎಳೆತ ನಿಜಕ್ಕೂ ಚೆನ್ನಾಯಿತು, ಮೂರು ವಾರ. ಆಮೇಲೆ ಹಿಂದಿನ ಎಡಗಡೆ ಟೈರಿನ ವಾಲ್ವು ಬುಡಸಮೇತ ಕಿತ್ತು ಬಂತು. ಅದನ್ನು ಸರಿ ಮಾಡಿಸಿಕೊಂಡು ಬಂದ ಮರುದಿನವೇ ಕಡಿದ ಮರದ ಮೋಟು ತಾಗಿ ಬಲಗಡೆ ಟೈರಿನ ಸೈಡ್‌ವಾಲ್ (ಪಕ್ಕದ ಗೋಡೆ) ಸೀಳಿತು. ಅಡ್ಡ ಇಳಿಜಾರಿನಲ್ಲಿ ಗಾಡಿ ತೂರಾಡುವುದು ಬೇರೆ. ಈಗ 35 ಇಟ್ಟುಕೊಂಡಿದ್ದೇನೆ. ಯಾಕೆ 35 ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಇನ್ನೊಂದು ವಿಷಯ, ದಿಮ್ಮಿ ಸಾಗಿಸುವ ಲಾರಿಯದು. 10 ಚಕ್ರ, 20 ಇಂಚಿನ ರೇಡಿಯಲ್ (ಪದರಗಳು ನೇರ ಅಡ್ಡಕ್ಕಿರುವ ಟೈರು), ಎಲ್ಲದರಲ್ಲೂ 100 ಪಿಎಸ್‌ಐ. ಡಾಂಬರು ಬಿಟ್ಟು ಲೋಡಿಂಗ್ ಜಾಗಕ್ಕೆ 6 ಕಿಲೋಮೀಟರ್ ಮಣ್ಣಿನ ದಾರಿ. ಅಲ್ಲಿ ಸ್ವಲ್ಪ ಗಾಳಿ ಬಿಟ್ಟು ಓಡಿಸಬಹುದಾ?

ದಯವಿಟ್ಟು ಒಂದೊಂದಕ್ಕೂ ಒಂದು ನಂಬರ್ ಹೇಳಿಬಿಡಿ ಸಾಕು.

ಹಳೇಸ್ಪ್ಯಾನರ್:

ನಂಬರ್ ಹೇಳುವುದಿಲ್ಲ ಸರ್, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ 20 ಹೇಳಿದವರೂ ಸುಳ್ಳು ಹೇಳಿಲ್ಲ, ಅವರ ಗಾಡಿಗೆ ಅದು ಸರಿ ಇರಬಹುದು. ನಿಮ್ಮ ಗಾಡಿಯ ನಂಬರ್ ನಿಮ್ಮ ಆಕ್ಸಲ್ ಮೇಲೆ ಕೂತಿದೆ. ಅದನ್ನು ತೂಗದೆ ಯಾರು ಏನು ಹೇಳಿದರೂ ಅಂದಾಜೇ.

ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಇಷ್ಟು ಗಾಳಿಗೆ ಇಷ್ಟು ಕೆಜಿ ಎಂದು ಟೈರ್ ಕಂಪನಿಯವರು ಒಂದು ಪಟ್ಟಿ ಕೊಟ್ಟಿರುತ್ತಾರೆ. ಸೈಜು, ಪ್ಲೈ, ವೇಗ ಮೂರನ್ನೂ ನೋಡಿ ಓದಬೇಕು. ಸೈಡ್‌ವಾಲ್ ಮೇಲೆ ಅಚ್ಚಾಗಿರುವ ನಂಬರನ್ನು ನೋಡಿ ಅಷ್ಟೇ ಹಾಕುವವರು ತುಂಬಾ ಜನ. ಅದು ಆ ಟೈರು ಪೂರ್ತಿ ಭಾರ ಹೊತ್ತಾಗಿನ ಲೆಕ್ಕ. ನಿಮ್ಮದು ಅಷ್ಟು ಹೊರುತ್ತಿದೆಯೋ ಇಲ್ಲವೋ ಯಾರಿಗೆ ಗೊತ್ತು?

ತೂಗುವುದು ಹೀಗೆ. ವೇಬ್ರಿಡ್ಜ್ ಮೇಲೆ ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ಬರೆದುಕೊಳ್ಳಿ. ಆಮೇಲೆ ಪೂರ್ತಿ ಗಾಡಿ. ಕಳೆದರೆ ಹಿಂದಿನದು ಸಿಕ್ಕಿತು. ಸ್ಕಿಡರ್ ಖಾಲಿ ಇದ್ದಾಗ ಸಾಮಾನ್ಯವಾಗಿ ಮುಂದೆಯೇ ಭಾರ ಜಾಸ್ತಿ, 60–40 ಅನ್ನಿ. 11 ಟನ್ ಗಾಡಿಗೆ ಮುಂದೆ 6,600 ಕೆಜಿ, ಹಿಂದೆ 4,400.

ಈಗ ದಿಮ್ಮಿ ಹಿಡಿಯಿರಿ. ಒಟ್ಟು 3 ಟನ್ ಎಂದುಕೊಳ್ಳೋಣ. ಅರ್ಧ ಭಾರ ನೆಲದ ಮೇಲೆ ಎಳೆದುಕೊಂಡು ಬರುತ್ತದೆ, ಉಳಿದ 1,500 ಕೆಜಿ ಗ್ರ್ಯಾಪಲಿಗೆ ನೇತು ಬಿದ್ದಿರುತ್ತದೆ. ಅದು ನೇತಾಡುವ ಜಾಗ ಹಿಂದಿನ ಆಕ್ಸಲಿನಿಂದ 1.2 ಮೀಟರ್ ಆಚೆ, ಎರಡು ಆಕ್ಸಲಿನ ನಡುವೆ 3 ಮೀಟರ್ ಇದೆ ಎಂದಿಟ್ಟುಕೊಳ್ಳಿ. ಮಕ್ಕಳು ಆಡುವ ಏತದ ಲೆಕ್ಕವೇ ಇದು. ಹಿಂದೆ ತೂಗು ಬಿದ್ದಷ್ಟು ಮುಂದೆ ಏಳುತ್ತದೆ, 1,500 ಗುಣಿಸು 1.2 ಭಾಗಿಸು 3, ಅಂದರೆ 600 ಕೆಜಿ ಮುಂದಿನಿಂದ ಎದ್ದು ಹಿಂದಕ್ಕೆ ಬಂತು. ಹಾಗಾಗಿ ಹಿಂದೆ ಕೂಡುವುದು 1,500 ಅಲ್ಲ, 2,100. ಈಗ ಹಿಂದೆ 6,500, ಮುಂದೆ 6,000.

ಪಟ್ಟಿ ನೋಡಬೇಕಾದದ್ದು ಯಾವುದಕ್ಕೆ? ಮುಂದಿನ ಟೈರಿಗೆ ಖಾಲಿ ಗಾಡಿಯ ತೂಕ, ಯಾಕೆಂದರೆ ಅದಕ್ಕೆ ಕಷ್ಟ ಆಗುವುದು ಆಗಲೇ, ಒಂದಕ್ಕೆ 3,300. ಹಿಂದಿನದಕ್ಕೆ ಲೋಡಿನ ತೂಕ, ಒಂದಕ್ಕೆ 3,250. ನನ್ನ ಉದಾಹರಣೆಯಲ್ಲಿ ಎರಡೂ ಹತ್ತಿರ ಬಂದವು. ನೀವು ಜಾಸ್ತಿ ದಿಮ್ಮಿ ಎಳೆಯುವವರಾದರೆ ಹಿಂದಿನದು ಮೇಲೆ ಹೋಗುತ್ತದೆ. ನಾಲ್ಕಕ್ಕೂ ಒಂದೇ ಗಾಳಿ ಇಡುವುದು ಅಭ್ಯಾಸ ಅಷ್ಟೇ, ಲೆಕ್ಕ ಅಲ್ಲ.

ಸ್ಕಿಡರುಗಳು ಸಾಮಾನ್ಯವಾಗಿ ಓಡುವುದು 20ರಿಂದ 35ರ ನಡುವೆ. ಅಷ್ಟು ಹೇಳಬಲ್ಲೆ. ಅದರೊಳಗೆ ಎಲ್ಲಿ ಎನ್ನುವುದು ನಿಮ್ಮ ಕೆಲಸ.

ಬೇರುಮಣ್ಣು:

ಲೆಕ್ಕ ಎಲ್ಲ ಸರಿ ಸ್ಪ್ಯಾನರ್ ಅವರೇ, ಆದರೆ ನೀವು ಟೈರಿನ ಕಡೆಯಿಂದ ಮಾತ್ರ ನೋಡುತ್ತಿದ್ದೀರಿ. ನಾನು ನೆಲದ ಕಡೆಯವನು. ಮರ ಕಡಿದು ಹೋದ ಮೇಲೆ ಅಲ್ಲಿ ಮತ್ತೆ ಸಸಿ ಏಳಬೇಕಲ್ವಾ?

ಟೈರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಒಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಗೋಡೆ ಬಿರುಸಾಗಿದ್ದರೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಸ್ಪ್ಯಾನರ್ ಹೇಳಿದ 3,250 ಕೆಜಿಯನ್ನೇ ತೆಗೆದುಕೊಳ್ಳಿ. 40 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ 2.8 ಕೆಜಿ. ಭಾಗಿಸಿದರೆ ಟೈರು ನೆಲ ಮುಟ್ಟುವ ಜಾಗ 1,150 ಚದರ ಸೆಂಟಿಮೀಟರ್ ಆಸುಪಾಸು. 25 ಪಿಎಸ್‌ಐಗೆ ಅದೇ ಲೆಕ್ಕ ಮಾಡಿ, 1,850 ಬರುತ್ತದೆ. ಒಂದೂವರೆ ಪಟ್ಟಿಗಿಂತ ಜಾಸ್ತಿ ಜಾಗ, ಒಂದು ಪೈಸೆ ಖರ್ಚಿಲ್ಲದೆ. ಅದೂ ಅಗಲಕ್ಕಿಂತ ಉದ್ದದಲ್ಲಿ ಹೆಚ್ಚಾಗುತ್ತದೆ, ಹಾಗಾಗಿ ಒಂದೇ ಸಲಕ್ಕೆ ಜಾಸ್ತಿ ಗುಬ್ಬಿಗಳು (ಟೈರಿನ ಮೇಲಿನ ರಬ್ಬರ್ ಉಬ್ಬುಗಳು) ಮಣ್ಣು ಹಿಡಿಯುತ್ತವೆ. ದಿಮ್ಮಿಗಾಡಿಯವರಿಗೆ 20ರಲ್ಲಿ ಎಳೆತ ಚೆನ್ನಾಯಿತು ಎಂದದ್ದು ಇದೇ.

ಒಂದು ಎಚ್ಚರಿಕೆ ಮಾತ್ರ. ಗಾಳಿ ಇಳಿಸಿದರೆ ಉಳಿಯುವುದು ಮೇಲಿನ ಮಣ್ಣು. ಆಳದ ಮಣ್ಣು ಗಟ್ಟಿಯಾಗುವುದು ಆಕ್ಸಲಿನ ಒಟ್ಟು ಭಾರದಿಂದ, ಗಾಳಿ ಎಷ್ಟಿದ್ದರೂ ಅದು ತಪ್ಪುವುದಿಲ್ಲ. ಮಣ್ಣು ಅಮುಕಿ ಹೋಗುವುದರಲ್ಲಿ ಹೆಚ್ಚಿನ ಪಾಲು ಮೊದಲ ಒಂದೆರಡು ಓಡಾಟದಲ್ಲೇ ಆಗಿಬಿಡುತ್ತದೆ. ಅದಕ್ಕೇ ಹೋದಲ್ಲೆಲ್ಲ ಹೊಸ ದಾರಿ ಮಾಡಬೇಡಿ. ಒಂದೇ ಜಾಡಿನಲ್ಲಿ ಓಡಾಡಿ, ಕಡಿದ ಸೊಪ್ಪು ರೆಂಬೆಯನ್ನು ಅದರ ಮೇಲೆ ಹಾಸಿ.

ನಾನು 18ರಲ್ಲಿ ಓಡಿಸುತ್ತೇನೆ. ಈವರೆಗೆ ಏನೂ ಆಗಿಲ್ಲ.

ಹಳೇಸ್ಪ್ಯಾನರ್:

ಬೇರುಮಣ್ಣು ಅವರೇ, ನಿಮ್ಮದು ರೇಡಿಯಲ್ ಟೈರಾ? ಟ್ಯೂಬ್ ಇದೆಯಾ? ಗಾಡಿ ಎಷ್ಟು ಟನ್?

ಬೇರುಮಣ್ಣು:

ರೇಡಿಯಲ್, ಟ್ಯೂಬ್‌ಲೆಸ್. ಗಾಡಿ 7 ಟನ್. ಸರಿ ಸರಿ, ಅರ್ಥವಾಯಿತು.

ಹಳೇಸ್ಪ್ಯಾನರ್:

ಹ್ಹಹ್ಹ. ತಪ್ಪು ಹಿಡಿಯಲು ಕೇಳಿದ್ದಲ್ಲ. ಆದರೆ ಓದುವವರು 18 ಎಂಬುದನ್ನಷ್ಟೇ ಎತ್ತಿಕೊಂಡು ಹೋಗುತ್ತಾರೆ, ಅದಕ್ಕೆ.

ದಿಮ್ಮಿಗಾಡಿಯವರ ವಾಲ್ವು ಯಾಕೆ ಕಿತ್ತಿತು ಎಂದು ಈಗ ಹೇಳಬಹುದು. ಗಾಳಿ ಕಡಿಮೆ ಆದರೆ ಟೈರಿನ ಬೀಡು (ರಿಮ್ಮಿಗೆ ಕೂರುವ ಒಳ ಅಂಚು) ರಿಮ್ಮನ್ನು ಬಿಗಿಯಾಗಿ ಕಚ್ಚಿಕೊಳ್ಳುವುದಿಲ್ಲ. ಸ್ಕಿಡರ್ ಮೊದಲ ಗೇರಿನಲ್ಲಿ ಜಗ್ಗುವಾಗ ರಿಮ್ಮು ತಿರುಗುತ್ತದೆ, ಟೈರು ಒಂದು ಬೆರಳಷ್ಟು ಹಿಂದೆ ಉಳಿಯುತ್ತದೆ. ದಿನಕ್ಕೆ ಒಂದು ಬೆರಳು. ಟ್ಯೂಬು ಟೈರಿನ ಜೊತೆ ಹೋಗುತ್ತದೆ, ವಾಲ್ವು ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಎಷ್ಟು ದಿನ ತಡೆದೀತು? ನಿಮ್ಮದು ಮೂರು ವಾರ ತಡೆದಿದೆ. ಟ್ಯೂಬ್ ಇಲ್ಲದ ಟೈರಿನಲ್ಲಿ ವಾಲ್ವು ರಿಮ್ಮಿಗೇ ಕೂತಿರುವುದರಿಂದ ಟೈರು ಜಾರಿದರೂ ವಾಲ್ವು ಕೀಳುವುದಿಲ್ಲ. ಬೇರುಮಣ್ಣು ಅವರು ಬಚಾವಾಗಿರುವುದಕ್ಕೆ ಅದೂ ಒಂದು ಕಾರಣ, ಹಗುರ ಗಾಡಿ ಇನ್ನೊಂದು.

ಇದನ್ನು ಮೊದಲೇ ಹಿಡಿಯುವುದು ಸುಲಭ. ಬಿಳಿ ಪೇಂಟಿನಲ್ಲಿ ರಿಮ್ಮಿನಿಂದ ಟೈರಿನ ಮೇಲಕ್ಕೆ ಒಂದು ಗೆರೆ ಎಳೆಯಿರಿ, ನಾಲ್ಕಕ್ಕೂ. ಸಂಜೆ ನೋಡಿ. ಗೆರೆ ಮುರಿದಿದ್ದರೆ ಆ ಕೆಲಸಕ್ಕೆ ಗಾಳಿ ಕಡಿಮೆಯಾಗಿದೆ ಎಂದೇ ಅರ್ಥ. 2 ಪಿಎಸ್‌ಐ ಏರಿಸಿ, ಹೊಸ ಗೆರೆ ಎಳೆದು ಮತ್ತೆ ನೋಡಿ. ನಾನು ನೋಡಿದ ಮಟ್ಟಿಗೆ ಪಟ್ಟಿಯ ಜೊತೆ ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಸೈಡ್‌ವಾಲ್ ಸೀಳಿದ್ದು ಬೇರೆ ಕಥೆ. ಗಾಳಿ ಕಡಿಮೆ ಇದ್ದರೆ ಟೈರಿನ ಹೊಟ್ಟೆ ಹೊರಗೆ ಬರುತ್ತದೆ, ಮೋಟುಗಳಿಗೆ ಸುಲಭವಾಗಿ ಸಿಗುತ್ತದೆ. ಹಾಗಂತ ಜಾಸ್ತಿ ಹಾಕಿದರೆ ನಡುಭಾಗ ತಮಟೆಯ ಹಾಗೆ ಬಿಗಿಯಾಗುತ್ತದೆ, ಚೂಪು ಮೋಟಿನ ಮೇಲೆ ಹತ್ತಿದಾಗ ಬಾಗುವ ಬದಲು ಸೀದಾ ತೂತಾಗುತ್ತದೆ. ಎರಡೂ ಕಡೆ ಹೊಡೆತ ಇದೆ. ಮೋಟಿನಿಂದ ಆಗುವ ಗಾಯಕ್ಕೆಲ್ಲ ಗಾಳಿಯನ್ನೇ ಬೈಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಜಾಡಿನಲ್ಲಿರುವ ಮೋಟುಗಳನ್ನು ನೆಲಕ್ಕೆ ಸಮ ಕೊಯ್ಯಿಸಿ. ಓರೆಯಾಗಿ ಕೊಯ್ದ ಮೋಟು ಈಟಿ ಇದ್ದ ಹಾಗೆ.

ದಿಮ್ಮಿಗಾಡಿ:

ಗೆರೆ ಎಳೆಯುವ ಐಡಿಯಾ ಚೆನ್ನಾಗಿದೆ, ಇದನ್ನು ಯಾರೂ ಹೇಳಿರಲಿಲ್ಲ. ಇಳಿಜಾರಿನಲ್ಲಿ ತೂರಾಡುವುದಕ್ಕೆ ಏನು ಮಾಡಲಿ? ಅದೇ ನನಗೆ ಜಾಸ್ತಿ ಭಯ.

ಹಳೇಸ್ಪ್ಯಾನರ್:

ಅಡ್ಡ ಇಳಿಜಾರಿನಲ್ಲಿ ಭಾರ ಕೆಳಗಿನ ಚಕ್ರಕ್ಕೆ ಸರಿಯುತ್ತದೆ. ಎಷ್ಟು? ಚಕ್ರದಿಂದ ಚಕ್ರಕ್ಕೆ 2.5 ಮೀಟರ್, ಗಾಡಿಯ ಭಾರದ ನಡುಬಿಂದು ನೆಲದಿಂದ 1.2 ಮೀಟರ್ ಮೇಲೆ, ಇಳಿಜಾರು 100 ಮೀಟರಿಗೆ 30 ಮೀಟರ್ ಎನ್ನಿ. ಕೆಳಗಿನ ಚಕ್ರದ ಪಾಲು 50 ಪರ್ಸೆಂಟ್ ಇದ್ದದ್ದು 64 ಪರ್ಸೆಂಟ್ ಆಗುತ್ತದೆ. ಹಿಂದಿನ ಆಕ್ಸಲಿನ 6,500 ಕೆಜಿಯಲ್ಲಿ ಕೆಳಗಿನ ಟೈರು ಹೊರುವುದು 4,200ರ ಹತ್ತಿರ. ಸಮನೆಲದಲ್ಲಿ 3,250 ಇತ್ತು ನೆನಪಿರಲಿ. 20 ಪಿಎಸ್‌ಐಯಲ್ಲಿ ಆ ಟೈರು ಕುಸಿಯದೆ ಇನ್ನೇನು ಮಾಡೀತು. ಅದು ಕುಸಿದಷ್ಟು ಗಾಡಿ ಇನ್ನೂ ಆ ಕಡೆಗೇ ವಾಲುತ್ತದೆ.

ಇಳಿಜಾರಿನ ಕೆಲಸ ಇರುವ ದಿನ 3–4 ಪಿಎಸ್‌ಐ ಜಾಸ್ತಿ ಇಡುವುದು ರೂಢಿ. ಆದರೆ ಗಾಳಿ ಏರಿಸಿದ ಮಾತ್ರಕ್ಕೆ ಹತ್ತಬಾರದ ಜಾಗಕ್ಕೆ ಹತ್ತಬೇಡಿ. ಗಾಡಿಯ ಪುಸ್ತಕದಲ್ಲಿ ಇಳಿಜಾರಿನ ಮಿತಿ ಬರೆದಿರುತ್ತದೆ, ಟೈರು ಅದನ್ನು ಬದಲಿಸುವುದಿಲ್ಲ. ಸಾಧ್ಯ ಆದಷ್ಟೂ ನೇರ ಮೇಲಕ್ಕೆ, ನೇರ ಕೆಳಕ್ಕೆ ಎಳೆಯಿರಿ.

ಹತ್ತುಚಕ್ರ:

ಲಾರಿ ಪ್ರಶ್ನೆಯನ್ನು ಎಲ್ಲರೂ ಮರೆತೇಬಿಟ್ಟರು.

ಗಾಳಿ ಇಳಿಸಿ ಓಡಿಸುವುದು ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರ ಹತ್ತಿರ ನೀರಿನಲ್ಲೂ ನೆಲದಲ್ಲೂ ಓಡುವ ಡಿಯುಕೆಡಬ್ಲ್ಯು ಎಂಬ ಲಾರಿ ಇತ್ತು. ಮರಳ ದಂಡೆ ಹತ್ತುವಾಗ ಡ್ರೈವರು ಕೂತಲ್ಲಿಂದಲೇ ಟೈರಿನ ಗಾಳಿ ಇಳಿಸಿ, ಗಟ್ಟಿ ರಸ್ತೆ ಸಿಕ್ಕಿದ ಮೇಲೆ ಏರಿಸುತ್ತಿದ್ದ. 1980ರ ದಶಕದಲ್ಲಿ ಅಲ್ಲಿನ ಅರಣ್ಯ ಇಲಾಖೆ ಅದೇ ಉಪಾಯವನ್ನು ದಿಮ್ಮಿ ಲಾರಿಗಳ ಮೇಲೆ ಪರೀಕ್ಷೆ ಮಾಡಿತು. ಟೈರಿಗಿಂತ ರಸ್ತೆಗೇ ಲಾಭ ಜಾಸ್ತಿ ಎಂದು ಗೊತ್ತಾಯಿತು. ಹಳ್ಳ ಬೀಳುವುದು ಕಡಿಮೆ, ಡ್ರೈವರಿನ ಬೆನ್ನಿಗೂ ಸುಖ. ಜಲ್ಲಿ ದಾರಿಯಲ್ಲಿ ಅಲೆ ಅಲೆಯಾಗಿ ಏಳುತ್ತದಲ್ಲ, ಹಲಗೆ ಜೋಡಿಸಿದ ಹಾಗೆ, ಅದನ್ನು ಮಾಡುವುದರಲ್ಲಿ ಬಿರುಸು ಟೈರಿನ ಖಾಲಿ ಲಾರಿಗಳದು ದೊಡ್ಡ ಕೈ. ಏರು ಹತ್ತುವಾಗ ಹಿಂದಿನ ಚಕ್ರ ಕುಣಿಯುತ್ತದೆ, ಒಂದೊಂದು ಕುಣಿತಕ್ಕೂ ಒಂದೊಂದು ಗುಂಡಿ.

ಈಗ ಕೆಲವು ಲಾರಿಗಳಲ್ಲಿ ಕ್ಯಾಬಿನ್ನಿನಿಂದಲೇ ಗಾಳಿ ಬದಲಿಸುವ ವ್ಯವಸ್ಥೆ ಇರುತ್ತದೆ. ಡಾಂಬರಿಗೆ ಒಂದು, ಮಣ್ಣಿನಲ್ಲಿ ಲೋಡಿಗೆ ಒಂದು, ಖಾಲಿಗೆ ಒಂದು, ಹೂತುಕೊಂಡಾಗ ಒಂದು. ವೇಗ ಮೀರಿದರೆ ಕಿರುಚುತ್ತದೆ. ನಿಮ್ಮಲ್ಲಿ ಅದಿಲ್ಲ, ಕೈಯಲ್ಲೇ ಮಾಡಬೇಕು. ಅಂದರೆ 10 ಟೈರಿನ ಗಾಳಿ ಬಿಡಬೇಕು, ಬರುವಾಗ ಡಾಂಬರಿನ ಅಂಚಿನಲ್ಲಿ ನಿಂತು 10ಕ್ಕೂ ಏರಿಸಬೇಕು. ದಿನಕ್ಕೆ ಎರಡು ಟ್ರಿಪ್ಪು ಇದ್ದರೆ ಯಾರು ಮಾಡುತ್ತಾರೆ ಹೇಳಿ, ಎರಡನೇ ದಿನ ಸೋಮಾರಿತನ ಬಂದು 60 ಪಿಎಸ್‌ಐಯಲ್ಲೇ ಡಾಂಬರಿಗೆ ಹತ್ತಿಬಿಡುತ್ತಾರೆ. ಲೋಡು ಗಾಡಿ, ಕಡಿಮೆ ಗಾಳಿ, ಗಂಟೆಗೆ 60 ಕಿಲೋಮೀಟರ್. ಸೈಡ್‌ವಾಲ್ ಒಂದೊಂದು ಸುತ್ತಿಗೂ ಮಡಚಿ ಬಿಚ್ಚಿ ಒಳಗೊಳಗೇ ಕಾಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಪದರ ಬಿಟ್ಟುಕೊಳ್ಳುವ ದಿನ ಕಾಣುತ್ತದೆ.

ನನ್ನ ಮಾತು: ಲೋಡಿನಲ್ಲಿ ಕಂಪನಿ ಬರೆದು ಕೊಟ್ಟರೆ ಮಾತ್ರ ಇಳಿಸಿ, ಅವರು ಹೇಳಿದ ವೇಗ ಮೀರಬೇಡಿ. ಖಾಲಿ ಹೋಗುವಾಗ ಪಟ್ಟಿಯಲ್ಲಿ ತುಂಬಾ ಜಾಗ ಇದೆ, ಯಾಕೆಂದರೆ ಹಿಂದಿನ ಟೈರುಗಳ ಮೇಲೆ ಭಾರವೇ ಇರುವುದಿಲ್ಲ. ಆದರೆ ಲೋಡಿಂಗ್ ಜಾಗದಲ್ಲಿ ಕಂಪ್ರೆಸರ್ ಇರಬೇಕು, ಲೋಡು ಹತ್ತುವ ಮೊದಲು ಗಾಳಿ ಏರಿಸಬೇಕು. 6 ಕಿಲೋಮೀಟರಿಗೆ ಅದು ಬೇಕಾ ಎಂದು ನೀವೇ ಯೋಚಿಸಿ. ಬೇಡ ಎಂದರೆ 100 ಇಟ್ಟುಕೊಂಡು ನಿಧಾನಕ್ಕೆ ಹೋಗಿ.

ಜೋಡಿ ಚಕ್ರದ ವಿಷಯ ಒಂದು. ಒಳಗಿನ ಟೈರನ್ನು ಯಾರೂ ನೋಡುವುದಿಲ್ಲ. ಅದರಲ್ಲಿ ಗಾಳಿ ಕಡಿಮೆ ಆದರೆ ಭಾರ ಎಲ್ಲ ಹೊರಗಿನದಕ್ಕೆ, ಅದೂ ಹೋಗುತ್ತದೆ. ಹಾಗೇ ಎರಡರ ನಡುವೆ ಸಿಕ್ಕಿಕೊಂಡ ಕಲ್ಲು, ಮರದ ತುಂಡನ್ನು ಡಾಂಬರಿಗೆ ಹತ್ತುವ ಮೊದಲು ತೆಗೆಯಿರಿ. ಗಾಳಿ ಕಡಿಮೆ ಇದ್ದರೆ ಎರಡೂ ಹೊಟ್ಟೆ ಒಂದಕ್ಕೊಂದು ಉಜ್ಜುತ್ತವೆ.

ತೇಪೆಹಾಕುವವ:

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಹೇಳಲೇಬೇಕು. ಗಾಳಿ ಇಳಿಸುವುದರಲ್ಲಿ ಅಪಾಯ ಕಡಿಮೆ. ಏರಿಸುವುದರಲ್ಲಿ ಜನ ಸಾಯುತ್ತಾರೆ.

20 ಇಂಚಿನ ರಿಮ್ಮಿನ ಅಗಲದ ಮೇಲೆ 100 ಪಿಎಸ್‌ಐ ಎಂದರೆ ಸುಮಾರು 14 ಟನ್ ನೂಕು. ಲಾಕ್ ರಿಂಗ್ (ಟೈರು ಹೊರಬರದ ಹಾಗೆ ತಡೆಯುವ ಕಬ್ಬಿಣದ ಬಳೆ) ಇರುವ ರಿಮ್ಮು ಸರಿಯಾಗಿ ಕೂರದೆ ಹಾರಿದರೆ ಆ 14 ಟನ್ನಿನ ಎದುರು ನಿಂತಿರುವುದು ನೀವು. ಅದನ್ನು ಕಬ್ಬಿಣದ ಪಂಜರದೊಳಗೆ ಇಟ್ಟೇ ಗಾಳಿ ತುಂಬಬೇಕು. ಕಚ್ಚಿಕೊಂಡು ನಿಲ್ಲುವ ಕ್ಲಿಪ್ಪಿನ ನಳಿಕೆ, ಉದ್ದ ಹೋಸು, ವಾಲ್ವಿನಿಂದ ದೂರದಲ್ಲಿ ಗೇಜು. ನಿಲ್ಲುವುದು ಗುಬ್ಬಿಗಳ ಕಡೆ, ಸೈಡ್‌ವಾಲಿನ ಎದುರಿಗಲ್ಲ.

ಫ್ಲ್ಯಾಟ್ ಆಗಿ ಓಡಿದ ಲಾರಿ ಟೈರಿಗೆ ಸುಮ್ನೆ ಗಾಳಿ ಹಾಕಿ ಮುಂದೆ ಹೋಗಬೇಡಿ. ಇರಬೇಕಾದದ್ದರ 80 ಪರ್ಸೆಂಟಿಗಿಂತ ಕೆಳಗೆ ಓಡಿದ್ದರೂ ಅದು ಫ್ಲ್ಯಾಟ್ ಓಡಿದ ಲೆಕ್ಕವೇ. ಒಳಗಿನ ಉಕ್ಕಿನ ತಂತಿ ಬಾಗಿ ಬಾಗಿ ದಣಿದಿರುತ್ತದೆ. ಮತ್ತೆ ಗಾಳಿ ತುಂಬುವಾಗ ಒಂದರ ಹಿಂದೆ ಒಂದು ತುಂಡಾಗಿ ಸೈಡ್‌ವಾಲ್ ಜಿಪ್ ಬಿಚ್ಚಿದ ಹಾಗೆ ಬಾಯಿ ಬಿಡುತ್ತದೆ. ಕಳಚಿ, ಒಳಗೆ ಕೈ ಆಡಿಸಿ ನೋಡಿದ ಮೇಲೆಯೇ ಮುಂದಿನ ಮಾತು.

ಸ್ಕಿಡರಿನ ಬಯಾಸ್ ಟೈರಿನ ಬೀಡು ಕೂರಿಸುವಾಗ 35 ಪಿಎಸ್‌ಐ ದಾಟಬೇಡಿ. ಕೂರಲಿಲ್ಲ ಎಂದರೆ ಗಾಳಿ ತೆಗೆದು, ಸೋಪು ನೀರು ಹಚ್ಚಿ ಮೊದಲಿನಿಂದ ಶುರು ಮಾಡಿ. ಪೆಟ್ರೋಲು, ಸ್ಪ್ರೇ ಹಚ್ಚಿ ಬೆಂಕಿ ಕೊಟ್ಟು ಕೂರಿಸುವವರನ್ನು ನೋಡಿದ್ದೇನೆ. ಒಬ್ಬರ ಕೈ ಈಗಲೂ ಸರಿ ಇಲ್ಲ. ಟೈರು ಇರುವಾಗ ರಿಮ್ಮಿಗೆ ವೆಲ್ಡಿಂಗ್ ಅಂತೂ ಬೇಡವೇ ಬೇಡ, ಗಾಳಿ ಬಿಟ್ಟಿದ್ದರೂ ಬೇಡ. ಒಳಗಿನ ರಬ್ಬರು ಕಾದು ಹೊಗೆ ತುಂಬಿ ಸಿಡಿಯುತ್ತದೆ.

ಹೊಸಬ್ಲೇಡು:

80 ಪರ್ಸೆಂಟ್ ಅಂದರೆ 100ಕ್ಕೆ 80. ಹಾಗಾದರೆ ಹತ್ತುಚಕ್ರ ಅವರು ಹೇಳಿದ ಹಾಗೆ 60ಕ್ಕೆ ಇಳಿಸಿದರೆ ಟೈರು ಹಾಳಾದ ಲೆಕ್ಕವಾ? ಗೊಂದಲ ಆಯಿತು.

ತೇಪೆಹಾಕುವವ:

ಒಳ್ಳೆಯ ಪ್ರಶ್ನೆ. "ಇರಬೇಕಾದ ಗಾಳಿ" ಎಂದರೆ ಆ ಭಾರಕ್ಕೆ, ಆ ವೇಗಕ್ಕೆ ಇರಬೇಕಾದದ್ದು. ಖಾಲಿ ಲಾರಿಗೆ ಮಣ್ಣಿನಲ್ಲಿ ನಿಧಾನಕ್ಕೆ ಹೋಗಲು ಪಟ್ಟಿ 60 ಸಾಕು ಎಂದರೆ ಆಗ ಇರಬೇಕಾದದ್ದೇ 60, ಅದು ಕಡಿಮೆ ಗಾಳಿ ಅಲ್ಲ. ಅದೇ 60ರಲ್ಲಿ ಲೋಡು ಹಾಕಿ ಡಾಂಬರಿಗೆ ಹತ್ತಿದರೆ ಟೈರು ಕೆಟ್ಟ ಲೆಕ್ಕ.

ಹೊಸಬ್ಲೇಡು:

ಸರಿ. ಗಾಳಿ ಬದಲು ನೈಟ್ರೋಜನ್ ಹಾಕಿದರೆ ಬಿಸಿಗೆ ಒತ್ತಡ ಏರುವುದಿಲ್ಲವಂತೆ, ಹೌದಾ?

ತೇಪೆಹಾಕುವವ:

ಏರುತ್ತದೆ. ಗಾಳಿಯಲ್ಲಿ ಇರುವುದೇ 78 ಪರ್ಸೆಂಟ್ ನೈಟ್ರೋಜನ್. ಒಣಗಿದ್ದಾದರೆ ಎರಡೂ ಒಂದೇ ಥರ ಏರುತ್ತವೆ. ಕಂಪ್ರೆಸರಿನ ಟ್ಯಾಂಕಿನ ನೀರು ದಿನಾ ಬಿಡಿ, ಸಾಕು.

ಬಿಸಿಯ ಮಾತು ಬಂತು, ಹೇಳಿಬಿಡುತ್ತೇನೆ. ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು. ಮಧ್ಯಾಹ್ನ 35 ಡಿಗ್ರಿಯಲ್ಲಿ 25 ಪಿಎಸ್‌ಐ ಇಟ್ಟಿರಿ ಎನ್ನಿ, ಬೆಳಗಿನ ಜಾವ 10 ಡಿಗ್ರಿಗೆ ಇಳಿದರೆ ಅದು 22ರ ಹತ್ತಿರ ಬಂದಿರುತ್ತದೆ, ಒಂದು ತೊಟ್ಟು ಗಾಳಿ ಸೋರದೆ. ಹಾಗೇ ಓಡಿ ಬಿಸಿಯಾದ ಟೈರಿನಲ್ಲಿ ಜಾಸ್ತಿ ತೋರಿಸಿತು ಎಂದು ಗಾಳಿ ಬಿಡಬೇಡಿ.

ಗೇಜು ನೋಡಿ ಕೊಳ್ಳಿ. ಲಾರಿಯ 160ರ ಗೇಜಿನಲ್ಲಿ 2–3 ಪರ್ಸೆಂಟ್ ತಪ್ಪು ಎಂದರೆ 3ರಿಂದ 5 ಪಿಎಸ್‌ಐ. 100ರಲ್ಲಿ ಅದು ಗೊತ್ತಾಗುವುದಿಲ್ಲ, 20ರಲ್ಲಿ ಅದೇ ಎಲ್ಲ. ಸ್ಕಿಡರಿಗೆ 60ರವರೆಗಿನ ಗೇಜು ಬೇರೆ ಇಟ್ಟುಕೊಳ್ಳಿ. ಟೈರಿನಲ್ಲಿ ಭಾರಕ್ಕೆ ನೀರು ತುಂಬಿಸಿದ್ದೀರಾ? ಹಾಗಿದ್ದರೆ ವಾಲ್ವು ಮೇಲೆ ಬರುವ ಹಾಗೆ ನಿಲ್ಲಿಸಿ ನೋಡಿ, ಕೆಳಗಿದ್ದರೆ ನೀರಿನ ತೂಕ ಸೇರಿ ಸುಮಾರು 1 ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ನೀರು ಹೋಗದ ಗೇಜು ಅದಕ್ಕೆ ಬೇರೆ ಬೇಕು.

ಬೇರುಮಣ್ಣು:

ಫಾರ್ವರ್ಡರ್ ಇರುವವರು ಯಾರಾದರೂ ಓದುತ್ತಿದ್ದರೆ, ಮೇಲಿನ ಸ್ಕಿಡರ್ ನಂಬರುಗಳನ್ನು ತೆಗೆದುಕೊಳ್ಳಬೇಡಿ. ಅದು ದಿಮ್ಮಿಯನ್ನು ಎಳೆಯುವುದಿಲ್ಲ, ಪೂರ್ತಿ ಹೊರುತ್ತದೆ. ಟೈರು ಚಿಕ್ಕದು, ಭಾರ ಜಾಸ್ತಿ, ಗಾಳಿಯೂ ಜಾಸ್ತಿ ಬೇಕು. ಒಂದರ ಹಿಂದೊಂದಿರುವ ಎರಡು ಚಕ್ರಕ್ಕೆ ಸೇರಿಸಿ ಕಬ್ಬಿಣದ ಟ್ರ್ಯಾಕ್ ಸುತ್ತಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಮೆತ್ತಗಿದ್ದರೆ ಟೈರು ಟ್ರ್ಯಾಕಿನೊಳಗೇ ಜಾರುತ್ತದೆ, ಸೈಡ್‌ವಾಲ್ ತಿಂದುಹಾಕುತ್ತದೆ. ಅಲ್ಲಿ ನೆಲಕ್ಕೆ ಭಾರ ಹಂಚುವುದು ಟ್ರ್ಯಾಕು, ಟೈರಲ್ಲ, ಹಾಗಾಗಿ ಗಾಳಿ ಇಳಿಸಿ ಲಾಭವೂ ಇಲ್ಲ. ಇಷ್ಟು ಹೇಳಿದ್ದಕ್ಕೆ ಸ್ಪ್ಯಾನರ್ ಅವರು ನನ್ನ 18ನ್ನು ಕ್ಷಮಿಸಬೇಕು.

ಹಳೇಸ್ಪ್ಯಾನರ್:

ಕ್ಷಮಿಸಿದೆ.

ದಿಮ್ಮಿಗಾಡಿ:

ಹತ್ತು ದಿನ ಆಯಿತು, ಏನಾಯಿತು ಎಂದು ಬರೆಯುತ್ತಿದ್ದೇನೆ.

ತೂಗಿಸಿದೆ. ಮುಂದೆ 6,900, ಹಿಂದೆ 4,300. ನಮ್ಮಲ್ಲಿ ಒಂದು ಸಲಕ್ಕೆ 4 ಟನ್ ಎಳೆಯುತ್ತೇವೆ, ಮೀಟರ್ ಅಳತೆ ಸ್ಪ್ಯಾನರ್ ಅವರು ಹಿಡಿದದ್ದೇ ಬಂತು. ಅದೇ ಲೆಕ್ಕ ಹಾಕಿದರೆ ಲೋಡಿನಲ್ಲಿ ಹಿಂದೆ 7,100. ಅಂದರೆ ಒಂದೊಂದು ಟೈರಿಗೆ ಮುಂದೆ 3,450, ಹಿಂದೆ 3,550. ಪಟ್ಟಿ ನೋಡಿ ಮುಂದೆ 26, ಹಿಂದೆ 28 ಇಟ್ಟೆ. ಬೆಳಿಗ್ಗೆಯೇ, ಹೊಸ ಗೇಜಿನಲ್ಲಿ. ಹಳೇ ಗೇಜು ಪಕ್ಕದಲ್ಲಿಟ್ಟು ನೋಡಿದರೆ 4 ಪಿಎಸ್‌ಐ ಜಾಸ್ತಿ ತೋರಿಸುತ್ತಿತ್ತು. ಅಂದರೆ ನಾನು 20 ಎಂದು ಓಡಿಸಿದ್ದು ನಿಜವಾಗಿ 16! ವಾಲ್ವು ಕಿತ್ತದ್ದರಲ್ಲಿ ಏನು ಆಶ್ಚರ್ಯ.

ಗೆರೆ ಎಳೆದೆ. ಮುಂದಿನ ಎರಡು ಕದಲಿಲ್ಲ. ಹಿಂದಿನ ಎಡಗಡೆಯದು ಎರಡನೇ ದಿನ ಅರ್ಧ ಬೆರಳು ಸರಿದಿತ್ತು. ಹಿಂದಿನ ಎರಡನ್ನೂ 30 ಮಾಡಿದೆ, ಆಮೇಲೆ ನಿಂತಿತು. ಎಳೆತ 20ರಲ್ಲಿ ಇದ್ದಷ್ಟು ಇಲ್ಲ, ಸುಳ್ಳು ಹೇಳಲ್ಲ. 40ರಲ್ಲಿ ಇದ್ದದ್ದಕ್ಕಿಂತ ಎಷ್ಟೋ ವಾಸಿ. ಒದ್ದೆ ಜಾಗದಲ್ಲಿ ರೆಂಬೆ ಹಾಸಿದ್ದೂ ಕೆಲಸ ಮಾಡಿತು.

ಲಾರಿಗೆ 100 ಇದ್ದ ಹಾಗೇ ಬಿಟ್ಟೆ. ದಿನಾ 10 ಟೈರಿನ ಗಾಳಿ ಬಿಟ್ಟು ಹಾಕುವಷ್ಟು ತಾಳ್ಮೆ ನನಗಿಲ್ಲ, ಡ್ರೈವರಿಗಂತೂ ಇಲ್ಲ. ಆದರೆ ಈ ನೆಪದಲ್ಲಿ ಒಳಗಿನ ಟೈರುಗಳನ್ನು ನೋಡಿದೆ. ಒಂದರಲ್ಲಿ 55 ಇತ್ತು. ಎಷ್ಟು ದಿನದಿಂದ ಹಾಗಿತ್ತೋ. ಗಾಳಿ ಹಾಕಲಿಲ್ಲ ತೇಪೆಯವರೇ, ಕಳಚಿ ಇಟ್ಟಿದ್ದೇನೆ. ಒಳಗೆ ಕೈ ಆಡಿಸಿದರೆ ಸೈಡ್‌ವಾಲ್ ಉದ್ದಕ್ಕೂ ರಬ್ಬರು ಪುಡಿ ಉದುರಿ ಸುಕ್ಕುಗಟ್ಟಿದ ಹಾಗಿದೆ. ಇದನ್ನು ಇನ್ನು ಹಾಕುವ ಹಾಗಿಲ್ಲ ಅಲ್ವಾ?

ತೇಪೆಹಾಕುವವ:

ಇಲ್ಲ. ಬೇರೆ ಯಾರೂ ಎತ್ತಿಕೊಂಡು ಹೋಗಿ ಹಾಕದ ಹಾಗೆ ಸೈಡ್‌ವಾಲ್ ಕೊಯ್ದು ಎಸೆಯಿರಿ. ಅದರ ಜೋಡಿ ಟೈರನ್ನೂ ಕಳಚಿ ನೋಡಿ, ಇಷ್ಟು ದಿನ ಎರಡರ ಭಾರವನ್ನೂ ಅದೇ ಹೊತ್ತಿದೆ.